ಗಾಜಿನ ಮೇಲೆ ಸಹಿ

ನನ್ನ ಸಹಿ ಚೆನ್ನಾಗಿದೆ. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ, ಏಕೆಂದರೆ ಇದುವರೆಗೆ ಬೇರೆ ಯಾರೂ ಹೇಳಿಲ್ಲ. ಮಕ್ಕಳ ಅಕ್ಷರವನ್ನು ಮೇಷ್ಟ್ರು ಹೊಗಳುತ್ತಾರೆ, ಡಾಕ್ಟರ ಕೈಗುಣವನ್ನು ರೋಗಿಗಳು ಹೊಗಳುತ್ತಾರೆ, ಒಬ್ಬರ ಸಹಿಯನ್ನು ಇನ್ನೊಬ್ಬರು ಹೊಗಳಿದ್ದನ್ನು ನಾನಂತೂ ಕೇಳಿಲ್ಲ. ಆದರೂ ಯೋಚನೆ ಮಾಡಿ ನೋಡಿ. ಹೆಸರು ಅಪ್ಪ ಅಮ್ಮ ಇಟ್ಟದ್ದು. ಮೂಗು ಅಜ್ಜಿಯ ಕಡೆಯದು. ಜಾತಿ, ಊರು, ಇನಿಷಿಯಲ್ಲು ಎಲ್ಲ ನಾವು ಹುಟ್ಟುವ ಮೊದಲೇ ಬಂದು ಕಾದು ಕುಳಿತಿರುತ್ತವೆ. ಸಹಿ ಒಂದನ್ನು ಮಾತ್ರ ಮನುಷ್ಯ ತಾನೇ ಕೂತು, ಯಾರೂ ಹೇಳಿಕೊಡದೆ, ತನಗೆ ಬೇಕಾದ ಹಾಗೆ ಮಾಡಿಕೊಳ್ಳುತ್ತಾನೆ.

ನಾನು ನನ್ನದನ್ನು ಮಾಡಿಕೊಂಡದ್ದು ಬಿ.ಎಸ್ಸಿ. ಓದುವಾಗ, ಪ್ರಾಕ್ಟಿಕಲ್ ರೆಕಾರ್ಡಿನ ಹಿಂದಿನ ಹಾಳೆಗಳಲ್ಲಿ. ಭದ್ರಾವತಿಯಿಂದ ಶಿವಮೊಗ್ಗದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕರೆ, ಬೆಳಗಿನ ಹಬೆ ಕಟ್ಟಿದ ಗಾಜಿನ ಮೇಲೂ ಬೆರಳಿನಿಂದ ಅಭ್ಯಾಸ ಮಾಡುತ್ತಿದ್ದೆ. ಗಾಜಿನ ಮೇಲಿನ ಸಹಿ ಮುಂದೆ ನನ್ನ ಅನ್ನಕ್ಕೆ ಕಲ್ಲು ಹಾಕುತ್ತದೆ ಎಂದು ಆಗ ಗೊತ್ತಿರಲಿಲ್ಲ. ಮಂಜುನಾಥ ಎಂಬ ಹೆಸರಿನ ಮೊದಲಕ್ಷರವನ್ನು ಇಂಗ್ಲಿಷಿನಲ್ಲಿ ಎರಡು ಗುಡ್ಡದ ಹಾಗೆ ಏರಿಸಿ ಇಳಿಸಿ, ಅಲ್ಲಿಂದ ಒಂದು ಗೆರೆಯನ್ನು ಹರಿಯಬಿಟ್ಟು, ಅದನ್ನು ಹಿಂದಕ್ಕೆ ತಿರುಗಿಸಿ ಹೆಸರಿನ ಕೆಳಗೆ ಹಾಯಿಸಿ, ಕೊನೆಗೆ ಎರಡು ಚುಕ್ಕೆ. ಆ ಚುಕ್ಕೆಗಳು ಯಾಕೆ ಎಂದು ಕೇಳಬೇಡಿ. ದೊಡ್ಡವರ ಸಹಿಗಳಲ್ಲಿ ಇರುತ್ತಿದ್ದವು. ಗಾಜನೂರಿನ ಅಣೆಕಟ್ಟಿಗೆ ಮಂಜೂರಾತಿ ಕೊಡಬಹುದಾದಷ್ಟು ಗತ್ತಿನ ಸಹಿ ಅದು. ನಾನು ಅದನ್ನು ಬಳಸುತ್ತಿದ್ದದ್ದು ಬಸ್ ಪಾಸಿನ ಅರ್ಜಿಗೆ.

ಅಪ್ಪನಿಗೆ ಸಹಿ ಇರಲಿಲ್ಲ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಅವನು ಕಾಂಟ್ರಾಕ್ಟ್ ಕೂಲಿ. ಬಟವಾಡೆಯ ದಿನ ಹೆಬ್ಬೆಟ್ಟು ಒತ್ತಿ ಸಂಬಳ ತರುತ್ತಿದ್ದ. ದಾರಿಯುದ್ದಕ್ಕೂ ಎಲ್ಲೂ ಒರೆಸಿಕೊಳ್ಳದೆ, ಮನೆಗೆ ಬಂದು, ಬಾಗಿಲ ಪಕ್ಕದ ಸುಣ್ಣದ ಗೋಡೆಗೆ ಹೆಬ್ಬೆಟ್ಟನ್ನು ತಿಕ್ಕುತ್ತಿದ್ದ. ಆ ಜಾಗದಲ್ಲಿ ನೇರಳೆ ಕಲೆಗಳ ಒಂದು ಗೊಂಚಲೇ ಇತ್ತು. "ಗೋಡೆ ಏನು ನಿಮ್ಮ ಕಾಂಟ್ರಾಕ್ಟರಪ್ಪನ ಆಸ್ತಿಯಾ?" ಎಂದು ಅಮ್ಮ ರೇಗುತ್ತಿದ್ದಳು. ಅಪ್ಪ ನನ್ನ ಕಡೆ ನೋಡಿ, "ಇವನು ಮಸಿ ಮುಟ್ಟಲ್ಲ ಬಿಡೇ. ಪೆನ್ನು ಮುಟ್ತಾನೆ" ಎನ್ನುತ್ತಿದ್ದ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಇದನ್ನು ಹೇಳಿಕೊಳ್ಳುವಾಗ ನಾನು ವಿನಯವನ್ನು ಪಕ್ಕಕ್ಕಿಡುತ್ತೇನೆ. ವಿನಯ ಎನ್ನುವುದು ಅಜ್ಜನ ಕಾಲದಿಂದ ಓದಿಕೊಂಡು ಬಂದವರಿಗೆ ಒಪ್ಪುವ ಆಭರಣ.

ಭದ್ರಾವತಿಯನ್ನು ಬಲ್ಲವರಿಗೆ ಇನ್ನೊಂದು ವಿಷಯ ಗೊತ್ತು. ಅಲ್ಲಿ ತಮಿಳರು, ತೆಲುಗರು, ಸಾಬರು, ಗೌಡರು, ಲಿಂಗಾಯತರು ಎಲ್ಲ ಇದ್ದಾರೆ. ಆದರೆ ನಿಜವಾಗಿ ಇರುವುದು ಎರಡೇ ಜಾತಿ: ಪರ್ಮನೆಂಟು ಮತ್ತು ಕಾಂಟ್ರಾಕ್ಟು. ಹೆಣ್ಣು ಕೊಡುವವರು ಗೋತ್ರ ಕೇಳುವ ಮೊದಲು "ಹುಡುಗ ಪರ್ಮನೆಂಟಾ?" ಎಂದು ಕೇಳುತ್ತಿದ್ದರು. ಪರ್ಮನೆಂಟಿನವರ ಮನೆಯ ಹಿತ್ತಲಲ್ಲಿ ನುಗ್ಗೆಮರವೂ ಬೇರೆ ಥರ ಕಾಯಿ ಬಿಡುತ್ತದೆ ಎಂದು ನಾವು ನಂಬಿದ್ದೆವು. ಅಪ್ಪ ಕಾಯಂ ಆಗಲಿಲ್ಲ. ಬದುಕಿದ್ದಷ್ಟು ದಿನವೂ ತಾತ್ಕಾಲಿಕವಾಗಿ ದುಡಿದು, ಸಾಯುವುದೊಂದನ್ನು ಮಾತ್ರ ಕಾಯಮ್ಮಾಗಿ ಮಾಡಿದ. ಹಾಗಾಗಿ ನನಗೆ ಕೆಲಸ ಸಿಕ್ಕಾಗ ಅಮ್ಮ ಕೇಳಿದ್ದು ಸಂಬಳವನ್ನಲ್ಲ. "ಕಾಯಂ ಮಾಡ್ತಾರಂತೇನೋ?"

ಮಾಡುತ್ತೇವೆ ಎಂದಿದ್ದರು. ಯುಪಿಎಸ್ ಮಾರುವ ಬೆಂಗಳೂರಿನ ಒಂದು ಕಂಪನಿ. ಹೆಸರು ಬೇಡ, ನಮಗೂ ಅವರಿಗೂ ಒಳ್ಳೆಯದು. ಯುಪಿಎಸ್ ಅಂದರೆ ಕರೆಂಟು ಹೋದಾಗ ಕಂಪ್ಯೂಟರು ಆರದಂತೆ ಹಿಡಿದುಕೊಳ್ಳುವ ಬ್ಯಾಟರಿ ಪೆಟ್ಟಿಗೆ. ಆಗ ಶಿವಮೊಗ್ಗದಲ್ಲಿ ಕರೆಂಟು ಬರುವುದೇ ಹೋಗುವುದಕ್ಕಾಗಿ ಎಂಬಂತಿತ್ತು, ಆದ್ದರಿಂದ ನನಗೆ ಕೆಲಸಕ್ಕೆ ಬರವಿರಲಿಲ್ಲ. ಆಲ್ಕೊಳ ಸರ್ಕಲ್ಲಿನ ಹತ್ತಿರ ಮಹಡಿಯ ಮೇಲಿನ ಒಂದೇ ಕೋಣೆ ನಮ್ಮ ಬ್ರಾಂಚು. ಅಲ್ಲಿಂದ ಬೈಕಿನಲ್ಲಿ ಶಿವಮೊಗ್ಗವನ್ನೂ ಭದ್ರಾವತಿಯನ್ನೂ ಸುತ್ತುವವನು ನಾನೊಬ್ಬನೇ. ಕೆಲವು ವರ್ಷ ಕಾಂಟ್ರಾಕ್ಟ್, ಕೆಲಸ ಸರಿಯಿದ್ದರೆ ಆಮೇಲೆ ಕಾಯಂ. ಕೆಲಸ ಸರಿಯಿದೆ ಎಂದು ಹೇಳಬೇಕಾದವರು ಗಿರಾಕಿಗಳು. ಹೇಳುವುದು ಹೇಗೆ? ಸಹಿ ಮಾಡಿ.

ಮೊದಲು ಕಾಗದವಿತ್ತು. ಮೂರು ಬಣ್ಣದ ಹಾಳೆ, ನಡುವೆ ಕಾರ್ಬನ್ನು. ಕೆಳಗೆ ಇಂಗ್ಲಿಷಿನಲ್ಲಿ 'ಕೆಲಸ ತೃಪ್ತಿಕರವಾಗಿ ಮುಗಿದಿದೆ' ಎಂದು ಅಚ್ಚಾಗಿತ್ತು. ಅದರ ಕೆಳಗೆ ಗಿರಾಕಿ ಸಹಿ ಮಾಡಬೇಕು. ನಮ್ಮ ಜನಕ್ಕೆ ತೃಪ್ತಿಯಾಗುತ್ತದೆ, ಆದರೆ ಆಗಿದೆ ಎಂದು ಬರೆದುಕೊಡುವ ಅಭ್ಯಾಸವಿಲ್ಲ. ಮದುವೆ ಊಟ ಹೊಟ್ಟೆ ಬಿರಿಯ ತಿಂದು ಎದ್ದವನೂ "ಸಾರಿಗೆ ಉಪ್ಪು ಒಂದು ಚೂರು ಮುಂದಾಗಿತ್ತು" ಎಂದೇ ಕೈ ತೊಳೆಯುತ್ತಾನೆ. ಹೀಗಿರುವಾಗ ಸಹಿ ಬೇಕು ಎಂದು ನಿಂತ ಮನುಷ್ಯ ಸಿಕ್ಕರೆ ಬಿಡುತ್ತಾರೆಯೇ? "ಸಹಿ ತಾನೇ, ಹಾಕೋಣ ಮಾರಾಯ, ಓಡ್ಹೋಗುತ್ತಾ? ಅದಕ್ಕೆ ಮುಂಚೆ ಈ ಫ್ಯಾನು ಯಾಕೆ ಕಿರಗುಟ್ಟುತ್ತೆ ನೋಡು." ಹೀಗೆ ನಾನು ಫ್ಯಾನು ನೋಡಿದ್ದೇನೆ, ಮಿಕ್ಸಿ ನೋಡಿದ್ದೇನೆ, ಒಬ್ಬರ ದೇವರ ಮನೆಯ ಸೀರಿಯಲ್ ಲೈಟನ್ನೂ ನೋಡಿ ಮಂಗಳಾರತಿ ತೆಗೆದುಕೊಂಡು ಬಂದಿದ್ದೇನೆ. ಎಲ್ಲ ತೃಪ್ತಿಗಾಗಿ.

ಆಮೇಲೆ ಆ ಯಂತ್ರ ಬಂತು. ಅಂಗೈಯಗಲದ ಕಪ್ಪು ಡಬ್ಬಿ, ಮುಖದ ತುಂಬ ಗಾಜು, ಪಕ್ಕೆಯಲ್ಲಿ ಸಿಕ್ಕಿಸಿದ ಪ್ಲಾಸ್ಟಿಕ್ ಕಡ್ಡಿ. ಬೆಂಗಳೂರಿನ ಹೋಟೆಲಿನ ತಣ್ಣನೆಯ ಹಾಲಿನಲ್ಲಿ ನಮ್ಮನ್ನೆಲ್ಲ ಕೂರಿಸಿ ತರಬೇತಿ ಕೊಟ್ಟರು. ಇನ್ನು ಕಾಗದವಿಲ್ಲ. ಗಿರಾಕಿ ಗಾಜಿನ ಮೇಲೆ ಕಡ್ಡಿಯಿಂದ ಸಹಿ ಮಾಡುತ್ತಾರೆ, ಅದು ಗಾಳಿಯಲ್ಲಿ ಹಾರಿ ಹೆಡ್ಡಾಫೀಸು ಸೇರುತ್ತದೆ, ನಂಬಿಕೆ ಹೆಚ್ಚುತ್ತದೆ. ತರಬೇತಿ ಕೊಟ್ಟವರು ಕೊನೆಗೆ ಒಂದು ಬಟನ್ ತೋರಿಸಿದರು. ಸಹಿ ಮಾಡುವವರು ಸ್ಥಳದಲ್ಲಿ ಇಲ್ಲದಿದ್ದರೆ ಒತ್ತಬೇಕಾದದ್ದು. 'ಸಹಿದಾರರು ಲಭ್ಯವಿಲ್ಲ' ಎಂದು ಅದರ ಮೇಲೆ ಇಂಗ್ಲಿಷಿನಲ್ಲಿತ್ತು. "ಇದು ಸೋಮಾರಿಗಳ ಬಟನ್. ಯಾರು ಎಷ್ಟು ಸಲ ಒತ್ತಿದ್ರು ಅಂತ ನಮಗೆ ಗೊತ್ತಾಗುತ್ತೆ" ಎಂದು ನಕ್ಕರು. ನಾನು ನಗಲಿಲ್ಲ. ಕಾಯಂ ಆಗಬೇಕಾದವನು ಇದನ್ನು ಮುಟ್ಟಬಾರದು ಎಂದು ಅಲ್ಲೇ, ಆ ಹೋಟೆಲಿನ ಬಿಸ್ಕತ್ತಿನ ಮೇಲೆ ಆಣೆ ಇಟ್ಟುಕೊಂಡೆ.

ಯಂತ್ರ ಮೊದಲು ಹೋದದ್ದು ಗಾಂಧಿ ಬಜಾರಿನ ಒಂದು ಬಟ್ಟೆ ಅಂಗಡಿಗೆ. ನಮ್ಮ ವ್ಯಾಪಾರಸ್ಥರಿಗೆ ಸಹಿ ಮುಖ್ಯವಲ್ಲ, ಮುಖ್ಯವಾದದ್ದು ಸೀಲು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇಂಕಿನ ಪ್ಯಾಡು, ಅದರ ಮೇಲೆ ಮುಖ ಕೆಳಗೆ ಮಾಡಿ ಮಲಗಿದ ರಬ್ಬರ್ ಸ್ಟಾಂಪು, ಗಣಪತಿಗೆ ಕೈ ಮುಗಿದ ಮೇಲೆ ಅದರದೇ ಸರದಿ. ನಾನು ಕೆಲಸ ಮುಗಿಸಿ ಡಬ್ಬಿಯನ್ನು ಯಜಮಾನರ ಮುಂದೆ ಹಿಡಿದು ಕಡ್ಡಿ ಕೊಟ್ಟೆ. ಅವರು ಕಡ್ಡಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಏನೋ ಒಂದು ಗೀಚಿ, "ಇಷ್ಟೇನಾ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸ್ಟಾಂಪನ್ನು ಎತ್ತಿ, ಬಾಯಿಯಿಂದ ಹಾ ಎಂದು ಉಸಿರು ಊದಿ, ಗಾಜಿನ ಮೇಲೆ ದಢಾರನೆ ಒತ್ತಿಬಿಟ್ಟರು.

"ಅಯ್ಯೋ ಯಜಮಾನ್ರೇ!"

"ಏನಾಯ್ತು? ಸೀಲ್ ಹಾಕ್ದೆ ಅದೆಂಥ ಸಹಿ ಮಾರಾಯ? ನಾಳೆ ನೀನೇ ಬಂದು ಸೀಲ್ ಎಲ್ಲಿ ಅಂತ ಕೇಳಲ್ವಾ?"

ಗಾಜಿನ ಮೇಲೆ ಅಂಗಡಿಯ ಹೆಸರು, ವಿಳಾಸ, ಪ್ರೊಪ್ರೈಟರ್ ಎಂಬ ಪದ ಎಲ್ಲ ಅಚ್ಚುಕಟ್ಟಾಗಿ ಮೂಡಿತ್ತು. ನೇರಳೆ ಬಣ್ಣದಲ್ಲಿ. ನನಗೆ ನಮ್ಮ ಮನೆಯ ಗೋಡೆ ನೆನಪಾಯಿತು. ಸ್ಪಿರಿಟ್ ಹಾಕಿ ಒರೆಸಿದೆ. ಇಂಕು ಹೋಯಿತು, ಆದರೆ ಅಂದಿನಿಂದ ಆ ಗಾಜಿಗೆ ಒಂದು ಮಂಜು ಕಟ್ಟಿತು. ಪೊರೆ ಬಂದ ಕಣ್ಣಿನ ಹಾಗೆ.

ಭದ್ರಾವತಿಯ ಟಯರ್ ಅಂಗಡಿಯ ಬಾಷಾ ಸಾಹೇಬರು ಕಡ್ಡಿಯನ್ನು ಹಿಡಿದು, "ಅರೆ ಭಾಯ್, ಇದು ಸೈನ್ ಮಾಡೋಕಾ, ಹಲ್ಲು ಚುಚ್ಚೋಕಾ?" ಎಂದು ಕೇಳಿ ಎರಡನೆಯ ಕೆಲಸ ಮಾಡಲು ಹೋಗಿ ತಡೆದುಕೊಂಡರು. ಅವರದು ಉರ್ದು ಸಹಿ. ಬಲಗಡೆಯಿಂದ ಶುರು. ಬಲಗಡೆಯ ಅಂಚಿಗೆ ಕಡ್ಡಿ ತಾಗಿದ ಕೂಡಲೇ ಯಂತ್ರ ಮುಂದಿನ ಪುಟಕ್ಕೆ ಹೋಗಿಬಿಡುತ್ತಿತ್ತು. ಅವರು ಹಿಂದಕ್ಕೆ ತರುವುದು, ಅದು ಮುಂದಕ್ಕೆ ಓಡುವುದು. ಕೊನೆಗೆ, "ನಿಮ್ಮ ಕಂಪನೀಗೆ ಉಲ್ಟಾ ಸೀದಾ ಗೊತ್ತಿಲ್ಲ ಬಿಡಿ" ಎಂದು ನಡುವೆ ಒಂದು ಗೀಟು ಎಳೆದು ಕೊಟ್ಟರು.

ತಪ್ಪು ಜನರದಲ್ಲ. ಕಾಗದಕ್ಕೆ ಒಂದು ಹಿಡಿತವಿದೆ, ಪೆನ್ನಿನ ಮೊನೆಯನ್ನು ಅದು ಸ್ವಲ್ಪ ತಡೆದು ತಡೆದು ಬಿಡುತ್ತದೆ. ಸಹಿಗೆ ಆಕಾರ ಬರುವುದು ಆ ತಡೆಯಲ್ಲಿ. ಗಾಜು ತಡೆಯುವುದಿಲ್ಲ. ಕಡ್ಡಿ ಜಾರುತ್ತದೆ, ಗೆರೆ ನಿಮ್ಮ ಕೈಗಿಂತ ಒಂದು ಕ್ಷಣ ತಡವಾಗಿ, ಪಕ್ಕದಲ್ಲಿ ಎಲ್ಲೋ ಕಾಣಿಸಿಕೊಳ್ಳುತ್ತದೆ. ಜೊತೆಗೆ, ಸಹಿಗೆ ಕೊಟ್ಟ ಜಾಗ ಬೆಂಕಿಪೊಟ್ಟಣದಷ್ಟು. ಡಾಕ್ಟರು, ಬ್ಯಾಂಕ್ ಮ್ಯಾನೇಜರು, ಅಡಿಕೆ ಮಂಡಿಯವರು, ಕಾಲೇಜಿನ ಪ್ರಿನ್ಸಿಪಾಲರು ಎಲ್ಲರ ಸಹಿಯೂ ಅಲ್ಲಿ ಒಂದೇ ಥರ, ಕೋಳಿ ಕೆದಕಿದ ಹಾಗೆ. ಓದಿದವರನ್ನೂ ಓದದವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಸಮಾನತೆ ಅದು. ಅದಕ್ಕಾಗಿ ನಾನು ಸಂತೋಷಪಡಬೇಕಿತ್ತು. ಪಡಲಿಲ್ಲ. ಇಷ್ಟು ಕಷ್ಟಪಟ್ಟು ಮೇಲಿನ ಸಾಲಿಗೆ ಬಂದು ಕೂತಿದ್ದೇನೆ, ಈಗ ಬಂದು ಸಾಲೇ ಇಲ್ಲ ಎಂದರೆ?

ಒಂದು ಭಾನುವಾರ ಅಮ್ಮ ಆ ಡಬ್ಬಿಯನ್ನು ಕೈಗೆತ್ತಿಕೊಂಡಳು. ಅಮ್ಮನ ಹೆಸರು ಲಕ್ಷ್ಮಮ್ಮ. ಮೊದಲ ಸಲ ತನ್ನ ಹೆಸರು ಬರೆದಾಗ ಅವಳಿಗೆ ನಲವತ್ತು ದಾಟಿತ್ತು. ಸಾಕ್ಷರತೆಯ ಪಾಠವೆಂದು ಸಂಜೆ ಅಂಗನವಾಡಿಯಲ್ಲಿ ಹೆಂಗಸರನ್ನು ಕೂರಿಸುತ್ತಿದ್ದರು, ಅಲ್ಲಿ ಕಲಿತದ್ದು. ಪಕ್ಕದ ಮನೆಯ ಕಮಲ ಎರಡೇ ದಿನದಲ್ಲಿ ಪಾಸಾಗಿ ಮನೆಗೆ ಹೋದಳು. ಅಮ್ಮ ಆ ಒತ್ತುಗಳ ಜೊತೆ ಎಷ್ಟೋ ವಾರ ಗುದ್ದಾಡಿದಳು. "ನಮ್ಮಪ್ಪನಿಗೆ ಬೇರೆ ಹೆಸರೇ ಸಿಗ್ಲಿಲ್ವಾ" ಎಂದು ಸತ್ತುಹೋದ ನನ್ನ ಅಜ್ಜನನ್ನು ಬೈದುಕೊಂಡೇ ಕಲಿತಳು. ಈಗಲೂ ಅವಳು ಸಹಿ ಮಾಡುವುದಿಲ್ಲ, ಬರೆಯುತ್ತಾಳೆ. ನಾಲಿಗೆಯ ತುದಿ ಹೊರಗಿಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ಕಟ್ಟಿ.

"ಇದ್ರ ಮೇಲೆ ನಾನೂ ಬರೀಲೇನೋ?"

ಕೊಟ್ಟೆ. ಅವಳು ಒತ್ತು ಹಾಕುವಷ್ಟರಲ್ಲಿ ಯಂತ್ರಕ್ಕೆ ಬೇಸರ ಬಂದು ಬೆಳಕು ಆರಿತು. ಮುಟ್ಟಿ ಎಬ್ಬಿಸಿಕೊಟ್ಟೆ. ಮುಗಿಸಿದಳು. ನಾನು ನೋಡಿದೆ, ಇನ್ನೊಮ್ಮೆ ನೋಡಿದೆ. ಅವಳ ಬ್ಯಾಂಕಿನ ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಇತ್ತು. ಶಿವಮೊಗ್ಗ ಜಿಲ್ಲೆಯಲ್ಲಿ ಆ ಗಾಜಿನ ಮೇಲೆ ತನ್ನದೇ ಆಗಿ ಮೂಡಿದ ಸಹಿ ಅದೊಂದೇ ಇರಬೇಕು.

"ಈಗ ಇದು ಎಲ್ಲಿಗೆ ಹೋಗುತ್ತೆ?"

"ಎಲ್ಲೂ ಹೋಗಲ್ಲಮ್ಮ. ಅಳಿಸ್ಬೇಕು."

"ಇಷ್ಟು ಹೊತ್ತು ಕೂತು ಬರ್ದಿದ್ದು ಅಳಿಸ್ತೀಯೇನೋ?"

ಅಳಿಸಿದೆ. ಆಮೇಲೆ ಅವಳು ಆ ಡಬ್ಬಿಯನ್ನು ಮುಟ್ಟಲಿಲ್ಲ.

ನಡುವೆ ಸ್ವಲ್ಪ ದೊಡ್ಡ ವಿಷಯ ಮಾತಾಡಲು ಅಪ್ಪಣೆ ಕೊಡಿ, ಡಿಗ್ರಿ ಮಾಡಿದವನಿಗೆ ಅಷ್ಟಾದರೂ ಹಕ್ಕಿರಬೇಕು. ವಿಜಯನಗರದ ಅರಸರು ಸಂಸ್ಕೃತದಲ್ಲಿ ತಾಮ್ರಪಟ ಬರೆಸಿ, ಕೊನೆಗೆ ಕನ್ನಡದ ಅಕ್ಷರದಲ್ಲಿ 'ಶ್ರೀ ವಿರೂಪಾಕ್ಷ' ಎಂದು ಸಹಿ ಹಾಕಿಸುತ್ತಿದ್ದರು. ನಮ್ಮ ಕಡೆಯ ಕೆಳದಿಯ ನಾಯಕರದು 'ಶ್ರೀ ಸದಾಶಿವ'. ಅರಸನ ಹೆಸರು ಒಂದು, ಸಹಿ ದೇವರ ಹೆಸರಿನಲ್ಲಿ, ಕೆತ್ತಿದವನು ಇನ್ನೊಬ್ಬ. ಕೆಲವು ಕಲ್ಲುಗಳ ನೆತ್ತಿಯ ಮೇಲೆ ಸೂರ್ಯ ಚಂದ್ರರನ್ನು ಸಾಕ್ಷಿಗೆ ಕೆತ್ತಿರುತ್ತಾರೆ. ಇಷ್ಟಾದರೂ 'ಈ ಸಹಿ ನಿಮ್ಮದೇನಾ ಪ್ರಭು, ಹೋದ ಶಾಸನದ್ದಕ್ಕೆ ತಾಳೆಯಾಗುತ್ತಿಲ್ಲವಲ್ಲ' ಎಂದು ಯಾವ ಕರಣಿಕನೂ ಅರಸನನ್ನು ಕೇಳಿದಂತಿಲ್ಲ. ಕೊಟ್ಟ ಭೂಮಿ ಕಣ್ಣೆದುರಿಗೆ ಇತ್ತು, ಉತ್ತು ತಿನ್ನುವವನು ಇದ್ದ, ಅಷ್ಟು ಸಾಕಾಗಿತ್ತು. ನನ್ನ ವಿಷಯದಲ್ಲೂ ಬ್ಯಾಟರಿ ಕಣ್ಣೆದುರಿಗೇ ಇತ್ತು. ಸಾಕಾಗಲಿಲ್ಲ.

ವಿಷಯಕ್ಕೆ ಬರುತ್ತೇನೆ. ಕೋರ್ಟಿನ ಎದುರಿನ ಓಣಿಯಲ್ಲಿ ಗುರುಮೂರ್ತಿಯವರು ಎಂಬ ನೋಟರಿ ವಕೀಲರಿದ್ದರು. ಇನ್ನೊಬ್ಬರ ಸಹಿಯನ್ನು ನೋಡಿ 'ಇದು ನನ್ನ ಮುಂದೆಯೇ ಆದದ್ದು' ಎಂದು ತಮ್ಮ ಸಹಿ ಹಾಕುವುದು ಅವರ ಜೀವನ. ಅವರ ಸಹಿ ನೋಡಲು ಪುಣ್ಯ ಮಾಡಿರಬೇಕು. ಹಸಿರು ಶಾಯಿ, ದಪ್ಪ ಮೊನೆ, ಹಾಳೆಯ ಕಾಲು ಭಾಗವನ್ನು ಆಕ್ರಮಿಸಿ ಕೂರುವ ಠೀವಿ. ಅದರ ಮುಂದೆ ನನ್ನದು ಚಿಳ್ಳೆ. ಅವರ ಆಫೀಸಿನ ಯುಪಿಎಸ್‌ಗೆ ಬ್ಯಾಟರಿ ಬದಲಾಯಿಸಲು ಹೋಗಿದ್ದೆ. ಹಾಕಿ, ಮೇನ್ ಸ್ವಿಚ್ ಆರಿಸಿ ಪರೀಕ್ಷೆ ಮಾಡಿದೆ. ಟೈಪು ಮಾಡುತ್ತಿದ್ದ ಹುಡುಗಿ ತಲೆ ಎತ್ತಲೇ ಇಲ್ಲ, ಅಷ್ಟು ಚೆನ್ನಾಗಿ ಹಿಡಿದಿತ್ತು. ಸಹಿಗೆ ತಿರುಗಿದರೆ ವಕೀಲರಿಲ್ಲ. ಕೋರ್ಟಿನಲ್ಲಿ ಅವರ ಕೇಸು ಕೂಗಿದ್ದರು.

ಅಲ್ಲಿ ಆ ಸೋಮಾರಿಗಳ ಬಟನ್ ಒತ್ತಿದ್ದರೆ ನನ್ನ ಕಥೆಯೇ ಬೇರೆಯಾಗುತ್ತಿತ್ತು. ನಾನು ಒತ್ತಲಿಲ್ಲ. ಡಬ್ಬಿ ಹಿಡಿದು ಓಡಿದೆ. ಕೋರ್ಟಿನ ಮೆಟ್ಟಿಲ ಮೇಲೆ ಸಿಕ್ಕರು. ಒಂದು ಕಂಕುಳಲ್ಲಿ ಫೈಲಿನ ಕಟ್ಟು, ಇನ್ನೊಂದು ಕಡೆ ಕೋಟಿನ ತೋಳು ಹಿಡಿದು ಜಗ್ಗುವ ಕಕ್ಷಿದಾರ. ಕಡ್ಡಿಯನ್ನು ಬೆರಳ ಸಂದಿಗೆ ತುರುಕಿದೆ. ಅವರು ಹತ್ತುತ್ತಲೇ, ನನ್ನ ಮುಖವನ್ನೂ ಗಾಜನ್ನೂ ನೋಡದೆ, ಒಂದು ಸಲ ಎಳೆದರು.

"ಆಯ್ತೇನಯ್ಯಾ?"

"ಆಯ್ತು ಸಾರ್."

ಆದದ್ದು ಇಷ್ಟು: ಗಾಜಿನ ಮೇಲೆ ಎರೆಹುಳ ಒಂದು ಬಿಸಿಲಿಗೆ ಬಿದ್ದು ಒದ್ದಾಡಿದ ಹಾಗಿನ ಒಂದು ಗೆರೆ. ನಾನು ಅದನ್ನು ಹೆಮ್ಮೆಯಿಂದ ಬೆಂಗಳೂರಿಗೆ ಕಳಿಸಿದೆ.

ನನ್ನ ಕಾಯಂ ಕಾಗದ ತಯಾರಾಗುವ ಹೊತ್ತಿಗೆ ಹೆಡ್ಡಾಫೀಸಿನವರಿಗೆ ಒಂದು ಅನುಮಾನ ಬಂತು. ನಂಬಿಕೆ ಹೆಚ್ಚಿಸಲು ತಂದ ಯಂತ್ರವನ್ನು ನಂಬಬಹುದೇ ಎಂಬ ಅನುಮಾನ. ಗಾಜಿನ ಸಹಿಗಳನ್ನೆಲ್ಲ ಹಳೆಯ ಕರಾರು ಪತ್ರಗಳ ಸಹಿಗಳ ಪಕ್ಕದಲ್ಲಿಟ್ಟು ನೋಡಿದರು. ತಾಳೆಯಾಗಲು ಸಾಧ್ಯವೇ? ಕೆಲವು ಗಿರಾಕಿಗಳಿಗೆ ಫೋನು ಮಾಡಿದರು. ಗುರುಮೂರ್ತಿಯವರಿಗೆ ಆ ಎರೆಹುಳವನ್ನು ಫ್ಯಾಕ್ಸಿನಲ್ಲಿ ಕಳಿಸಿ, ಇದು ನಿಮ್ಮ ಸಹಿಯಾ ಎಂದು ಕೇಳಿದರು. ಅವರು ಅಲ್ಲ ಎಂದರು. ಮರುದಿನ ನನಗೆ ಮೇಲ್ ಬಂತು. ಗಿರಾಕಿಯ ಸಹಿಯನ್ನು ನೀವೇ ಹಾಕಿಕೊಂಡಿರುವಂತೆ ಕಾಣುತ್ತದೆ, ವಿವರಣೆ ಕೊಡಿ, ಅಲ್ಲಿಯವರೆಗೆ ನಿಮ್ಮನ್ನು ಕಾಯಂ ಮಾಡುವ ವಿಷಯ ತಡೆಹಿಡಿಯಲಾಗಿದೆ.

ಅಪ್ಪ ಯಾರ ಹೆಬ್ಬೆಟ್ಟನ್ನೂ ಒತ್ತಿದವನಲ್ಲ. ನಾನು ಯಾರ ಸಹಿಯನ್ನೂ ಹಾಕಿದವನಲ್ಲ. ಆ ಮೇಲ್ ಓದಿ ಮಹಡಿ ಇಳಿದೆ. ನೇರ ವಕೀಲರ ಆಫೀಸಿಗೆ ಹೋದೆ.

"ಸಾರ್, ಅವತ್ತು ಮೆಟ್ಟಿಲ ಮೇಲೆ ನೀವೇ ಸಹಿ ಹಾಕಿದ್ದಲ್ವಾ?"

"ಹೌದು."

"ಅವರು ಕೇಳಿದ್ರೆ ನಂದಲ್ಲ ಅಂದ್ರಂತೆ?"

"ಹೌದು."

"ಸಾರ್!"

"ಕೂತ್ಕೊಳಯ್ಯ, ಕೂಗ್ಬೇಡ. ಬ್ಯಾಟರಿ ಹಾಕಿದ್ದು ನೀನು. ಯಾವ ಕೋರ್ಟಲ್ಲಿ ಬೇಕಾದ್ರೂ ಹೇಳ್ತೀನಿ. ಕಡ್ಡಿ ಹಿಡಿದಿದ್ದು ನಾನು. ಅದನ್ನೂ ಹೇಳ್ತೀನಿ. ನಿಮ್ಮ ಹೆಡ್ಡಾಫೀಸಿನ ಹುಡುಗಿ ಕೇಳಿದ್ದೇನು? ಇದು ನಿಮ್ಮ ಸಹಿಯಾ ಅಂತ. ಕೈ ನಂದು, ಸಹಿ ನಂದಲ್ಲ."

"ಎರಡೂ ಒಂದೇ ಅಲ್ವಾ ಸಾರ್?"

"ಒಂದೇ ಆಗಿದ್ದಿದ್ರೆ ನಾನು ಇಷ್ಟು ವರ್ಷ ಹೊಟ್ಟೆಗೆ ಏನು ತಿಂತಿದ್ದೆ?" ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದರು. "ನೋಡು ಮಾರಾಯ, ಇವತ್ತು ಈ ಗೀಚನ್ನ ನಂದು ಅಂತ ಒಪ್ಕೊಳ್ತೀನಿ. ನಾಳೆ ಇನ್ಯಾವನೋ ಹಿಂಗೇ ಗೀಚಿ, ಗಾಜನೂರಿನ ಹತ್ರ ಇರೋ ನನ್ನ ಜಮೀನು ಬರ್ಸ್ಕೊಂಡು ಬಂದ್ರೆ, ನೀನು ಬಿಡ್ಸಿಕೊಡ್ತೀಯಾ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ನನ್ನನ್ನು ಹೆಚ್ಚು ಉರಿಸಿದ್ದು. ಕೆಟ್ಟವರಾಗಿದ್ದರೆ ಬೈದು ಬರಬಹುದಿತ್ತು. ಅವರು ತಮ್ಮ ಹೆಸರಿನ ಹಾಳೆಯ ಮೇಲೆ ನಡೆದದ್ದನ್ನೆಲ್ಲ ಟೈಪು ಮಾಡಿಸಿ, ಕೆಳಗೆ ಆ ಹಸಿರು ಸಹಿಯನ್ನು ಹಾಕಿ, ಸೀಲು ಒತ್ತಿ ಕೊಟ್ಟರು. ನೋಟರಿ ಮಾಡಿಸಿದರೆ ಇನ್ನೂ ಗಟ್ಟಿಯಲ್ಲವೇ ಎಂದು ಕೇಳಿದೆ. "ನನ್ನ ಸಹಿಗೆ ನಾನೇ ಸಾಕ್ಷಿ ನಿಲ್ಲಕ್ಕಾಗಲ್ಲ. ಎದುರು ಆಫೀಸಿನವನ ಹತ್ರ ಹೋಗ್ಬೇಕು. ಅವನ ಹತ್ರ ನಾನು ಮಾತು ಬಿಟ್ಟು ಕಾಲವಾಯ್ತು" ಎಂದು ಮಾತು ಮುಗಿಸಿದರು.

ಪತ್ರವನ್ನು ಕೊರಿಯರ್ ಮಾಡಿದೆ. ಬೆಂಗಳೂರಿನಿಂದ ಉತ್ತರ ಬಂತು. ನಮ್ಮಲ್ಲಿ ಈಗ ಕಾಗದದ ವ್ಯವಹಾರವಿಲ್ಲ, ಕಾಗದ ಸ್ವೀಕರಿಸಲಾಗುವುದಿಲ್ಲ, ಇದನ್ನೇ ಯಂತ್ರದಲ್ಲಿ ದಾಖಲಿಸಿ ಗಿರಾಕಿಯಿಂದ ಸಹಿ ಮಾಡಿಸಿ ಕಳಿಸಿ. ಅಂದರೆ ಗಾಜಿನ ಮೇಲಿನ ಆ ಸಹಿ ತಮ್ಮ ಕೈಯಿಂದಲೇ ಆದದ್ದು ಎಂದು ಗುರುಮೂರ್ತಿಯವರು ಇನ್ನೊಮ್ಮೆ ಗಾಜಿನ ಮೇಲೆ ಸಹಿ ಮಾಡಬೇಕು. ಅವರಿಗೆ ಹೇಳಿದೆ. ಅವರಿಗೆ ನಗುತ್ತ ನಗುತ್ತ ಕೆಮ್ಮು ಬಂದು, ಟೈಪಿನ ಹುಡುಗಿ ನೀರು ತಂದುಕೊಟ್ಟಳು. ಹಿಂದೆ ಯುಪಿಎಸ್ಸು ನನ್ನ ಬ್ಯಾಟರಿಯ ಮೇಲೆ ಗುಯ್ಯೆನ್ನುತ್ತಿತ್ತು. ಅದಕ್ಕೆ ಮಾತ್ರ ಯಾರ ಮೇಲೂ ಅನುಮಾನವಿರಲಿಲ್ಲ.

ಕೊನೆಗೆ ಬೆಂಗಳೂರಿನಿಂದ ಏರಿಯಾ ಮ್ಯಾನೇಜರು ಬಂದರು. ನನಗಿಂತ ಚಿಕ್ಕವರು, ಸಭ್ಯರು, ಬೆಳಗಿನ ರೈಲಿನಲ್ಲಿ ಬಂದರೂ ಶರ್ಟು ಮುದುಡದವರು. ಬ್ರಾಂಚಿನ ಕೋಣೆಯಲ್ಲಿ ಇಬ್ಬರೇ ಕೂತೆವು. ಅವರ ಡಬ್ಬಿಯಲ್ಲಿ ನನ್ನ ಹೆಸರಿನ ಎಚ್ಚರಿಕೆ ಪತ್ರವಿತ್ತು.

"ಪರ್ಸನಲ್ ಆಗಿ ತಗೋಬೇಡಿ ಮಂಜುನಾಥ್. ಇದು ಪ್ರೊಸೆಸ್. ಎಚ್ಚರಿಕೆ ನಿಮಗೆ ಮುಟ್ಟಿದೆ ಅಂತ ಇಲ್ಲಿ ಒಂದು ಸೈನ್, ಅಷ್ಟೇ."

"ಕಾಯಂ ಆಗೋದು?"

"ಇದು ಇರೋವಾಗ ಆಗಲ್ಲ. ಮುಂದೆ ನೋಡೋಣ."

ಮುಂದೆ ನೋಡೋಣ. ಅಪ್ಪನಿಗೆ ಕಾಂಟ್ರಾಕ್ಟರು ಬಟವಾಡೆಗೊಮ್ಮೆ ಹೇಳುತ್ತಿದ್ದ ಮಾತು. ಹೆಬ್ಬೆಟ್ಟಿನಿಂದ ಡಿಗ್ರಿಯವರೆಗೆ ನಾವು ಇಷ್ಟು ದೂರ ನಡೆದು ಬಂದರೂ ಆ ವಾಕ್ಯ ಬೇರೆ ದಾರಿಯಲ್ಲಿ ಬಂದು ನಮಗಿಂತ ಮೊದಲೇ ಕುರ್ಚಿ ಹಾಕಿಕೊಂಡು ಕೂತಿತ್ತು.

ಕಡ್ಡಿ ತೆಗೆದುಕೊಂಡು ಸಹಿ ಮಾಡಿದೆ. ಎರಡು ಗುಡ್ಡ, ಗೆರೆ, ಚುಕ್ಕೆ, ಎಲ್ಲ ಮಾಡಿದೆ ಎಂದೇ ಅಂದುಕೊಂಡೆ. ಮ್ಯಾನೇಜರು ಬ್ಯಾಗಿನಿಂದ ನಾನು ಕೆಲಸಕ್ಕೆ ಸೇರುವಾಗ ಸಹಿ ಮಾಡಿದ್ದ ಪತ್ರದ ಪ್ರತಿ ತೆಗೆದು ಪಕ್ಕದಲ್ಲಿಟ್ಟರು. ನನ್ನ ಪ್ರಕರಣ ಆದ ಮೇಲೆ ಹೊಸ ನಿಯಮ ಬಂದಿತ್ತಂತೆ. ಯಾರಿಂದ ಸಹಿ ತೆಗೆದುಕೊಂಡರೂ ಸ್ಥಳದಲ್ಲೇ ತಾಳೆ ನೋಡಬೇಕು, ಇಲ್ಲದಿದ್ದರೆ ತೆಗೆದುಕೊಂಡವರದೇ ಜವಾಬ್ದಾರಿ. ಅವರು ಕಾಗದ ನೋಡಿದರು, ಗಾಜು ನೋಡಿದರು.

"ಮ್ಯಾಚ್ ಆಗ್ತಿಲ್ಲವಲ್ಲ."

ಇನ್ನೊಮ್ಮೆ ಮಾಡಿದೆ. ಗುಡ್ಡಗಳು ಚಪ್ಪಟೆಯಾದವು. ಮತ್ತೊಮ್ಮೆ. ಕೆಳಗಿನ ಗೆರೆ ಹೆಸರಿನ ನಡುವೆಯೇ ಹಾಯ್ದು, ನನ್ನ ಹೆಸರನ್ನು ನಾನೇ ಹೊಡೆದುಹಾಕಿದಂತೆ ಕಂಡಿತು.

"ಸ್ವಲ್ಪ ನಿಧಾನಕ್ಕೆ ಮಾಡಿ. ರಿಲಾಕ್ಸ್."

ನಿಧಾನಕ್ಕೆ ಮಾಡಿದರೆ ಅದು ನನ್ನ ಸಹಿಯೇ ಅಲ್ಲ. ಆ ಸಹಿ ಹುಟ್ಟಿದ್ದೇ ವೇಗದಲ್ಲಿ, ಓದಿದವನ ಗತ್ತಿನಲ್ಲಿ. ಅಮ್ಮನ ಹಾಗೆ ನಾಲಿಗೆ ಹೊರಗಿಟ್ಟು ಬರೆದರೆ ಚೆನ್ನಾಗಿ ಬರಬಹುದಿತ್ತು, ಆದರೆ ಅವರ ಕೈಯ ಕಾಗದದಲ್ಲಿ ಅದಿಲ್ಲವಲ್ಲ. ಮ್ಯಾನೇಜರು ಗೆರೆಗಳನ್ನು ನೋಡಿ, ನನ್ನನ್ನು ನೋಡಿ, ನಿಜವಾಗಿಯೂ ಗೊಂದಲಕ್ಕೆ ಬಿದ್ದು ಕೇಳಿದರು.

"ಮಂಜುನಾಥ್, ಇದು ನಿಮ್ಮ ಸೈನ್ ತಾನೇ?"

ನಾನು ಆ ಗಾಜನ್ನು ನೋಡಿದೆ. ಅಲ್ಲಿದ್ದದ್ದನ್ನು ನನ್ನದು ಎನ್ನಲು ಬಾಯಿ ಬರಲಿಲ್ಲ. ಗುರುಮೂರ್ತಿಯವರ ಮೇಲೆ ಕೂಡಿಟ್ಟುಕೊಂಡಿದ್ದ ಸಿಟ್ಟು ಆ ಕ್ಷಣದಲ್ಲಿ ಕೈಬಿಟ್ಟು ಹೋಯಿತು.

"ಕೈ ನನ್ನದು ಸಾರ್. ಸಹಿ ನನ್ನದಲ್ಲ."

ಅವರು ಗಡಿಯಾರ ನೋಡಿಕೊಂಡರು. ಬೆಂಗಳೂರಿನ ರೈಲಿಗೆ ಹೊತ್ತಾಗಿತ್ತು. ಸ್ವಲ್ಪ ಯೋಚಿಸಿ ಕಡ್ಡಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಮೂಲೆಯಲ್ಲಿದ್ದ ಒಂದು ಬಟನ್ ಒತ್ತಿದರು. ಯಾವುದು ಎಂದು ನನಗೆ ನೋಡದೆಯೂ ಗೊತ್ತಾಯಿತು. ಆದರೂ ಬಗ್ಗಿ ನೋಡಿದೆ. ಸಹಿದಾರರು ಲಭ್ಯವಿಲ್ಲ.

"ಸಾರ್, ನಾನು ಇಲ್ಲೇ ಇದ್ದೀನಿ."

"ಗೊತ್ತು ಮಂಜುನಾಥ್. ಕ್ಲೋಸ್ ಆಗ್ಬೇಕಲ್ಲ."

ಆ ಹೊತ್ತಿನಲ್ಲಿ ಆಟೋ ಸಿಗಲಿಲ್ಲ. ಲಭ್ಯವಿಲ್ಲದ ಮನುಷ್ಯನ ಬೈಕಿನ ಹಿಂದೆ ಕೂತು ಮ್ಯಾನೇಜರು ಸ್ಟೇಷನ್ನಿಗೆ ಹೋದರು. ಇಳಿದು ಕೈ ಕುಲುಕಿದರು. "ಥ್ಯಾಂಕ್ಸ್, ಟೈಮಿಗೆ ಸಿಕ್ಕಿದ್ರಿ" ಎಂದರು.

ಆ ಕೆಲಸ ಹೆಚ್ಚು ದಿನ ಉಳಿಯಲಿಲ್ಲ, ನಾನೇ ಬಿಟ್ಟೆ. ಬಿಡುವಾಗಲೂ ಗಾಜಿನ ಮೇಲೆ ಸಹಿ ಕೇಳಿದರು, ಆ ಬಟನ್ ಎಲ್ಲಿದೆ ಎಂದು ನಾನೇ ತೋರಿಸಿಕೊಟ್ಟೆ. ಈಗ ಆಲ್ಕೊಳದಲ್ಲೇ ನನ್ನದೊಂದು ಸಣ್ಣ ಬ್ಯಾಟರಿ ಅಂಗಡಿ ಇದೆ. ಕೆಲಸ ಮುಗಿದ ಮೇಲೆ ಗಿರಾಕಿಯನ್ನು ಪಕ್ಕದಲ್ಲಿ ನಿಲ್ಲಿಸಿ ಮೇನ್ ಸ್ವಿಚ್ ಆರಿಸುತ್ತೇನೆ. ಕಂಪ್ಯೂಟರು ಆರದಿದ್ದರೆ ಅವರು ತಲೆಯಾಡಿಸುತ್ತಾರೆ, ನಾನು ಬರುತ್ತೇನೆ. ಗಾಂಧಿ ಬಜಾರಿನ ಯಜಮಾನರು ಮಾತ್ರ ಇವತ್ತಿಗೂ ಬಿಲ್ಲಿನ ಮೇಲೆ ಸೀಲು ಒತ್ತಿಯೇ ಕಳಿಸುತ್ತಾರೆ. ಒತ್ತಲಿ. ನನ್ನ ಆ ದೊಡ್ಡ ಸಹಿಗೆ ಈಗ ಹೆಚ್ಚು ಕೆಲಸವಿಲ್ಲ. ಅಪರೂಪಕ್ಕೆ ಚೆಕ್ಕಿಗೆ ಹಾಕುವಾಗ ನೋಡಿ ಒಂದು ಗಳಿಗೆ ಸಂತೋಷಪಡುತ್ತೇನೆ. ಚೆನ್ನಾಗಿದೆ, ಸುಳ್ಳಲ್ಲ.

ಮ್ಯಾನೇಜರನ್ನು ರೈಲು ಹತ್ತಿಸಿದ ಆ ಸಂಜೆ ಭದ್ರಾವತಿಯ ಮನೆಗೆ ಬಂದೆ. ಬೆಂಗಳೂರಿನಿಂದ ದೊಡ್ಡವರು ಬರುತ್ತಾರೆ ಎಂಬುದಷ್ಟೇ ಅಮ್ಮನಿಗೆ ಗೊತ್ತಿತ್ತು. ಯಾಕೆ ಬರುತ್ತಾರೆ ಎಂದು ಅವಳು ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡು ಪಾಯಸ ಮಾಡಿಟ್ಟಿದ್ದಳು. ಬಾಗಿಲಲ್ಲೇ ಕೇಳಿದಳು.

"ಕಾಯಂ ಕಾಗದಕ್ಕೆ ಸಹಿ ಆಯ್ತೇನೋ?"

ನಾನು ಚಪ್ಪಲಿ ಬಿಡುತ್ತ ಗೋಡೆ ಹಿಡಿದುಕೊಂಡೆ. ಸುಣ್ಣದ ಮೇಲೆ ಸುಣ್ಣ ಬಳಿದರೂ ಆ ಜಾಗದಲ್ಲಿ ತೆಳುವಾಗಿ ನೇರಳೆ ಕಾಣುತ್ತದೆ.

"ಇಲ್ಲಮ್ಮ. ಅವ್ರು ಬಂದಾಗ ನಾನು ಸಿಗ್ಲಿಲ್ಲವಂತೆ."

ಅಮ್ಮ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು. ಅವಳಿಗೆ ಎಷ್ಟು ಅರ್ಥವಾಯಿತೋ ನಾನು ಕೇಳಲಿಲ್ಲ. ಒಳಗೆ ಹೋದಳು. ತಟ್ಟೆ ಇಡುವ ಸದ್ದು ಕೇಳಿಸಿತು.

"ಊಟಕ್ಕಾದ್ರೂ ಸಿಗ್ತೀಯೋ, ಅದಕ್ಕೂ ಇಲ್ವೋ?"

ಸಿಕ್ಕೆ. ಎರಡು ಸಲ ಪಾಯಸ ಹಾಕಿಸಿಕೊಂಡೆ.